ಕವಾಯತಿನ ಹಿಂದಿನ ಪಂಡಿತರು

ನಾನು ಈ ಶಾಲೆಯಿಂದ 2005ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿ.ಯು.ಸಿ., ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ದಿನವೆಲ್ಲ ಬರೆಯುವುದು ಕೋಡ್. ಕನ್ನಡದಲ್ಲಿ ನಾಲ್ಕು ಪುಟ ಬರೆದು ಇಪ್ಪತ್ತು ವರ್ಷವಾಯಿತು. ತಪ್ಪುಗಳಿದ್ದರೆ ನಮ್ಮ ಕನ್ನಡ ಮೇಷ್ಟ್ರು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿಕೊಂಡು ಓದಬೇಕೆಂದು ಕೋರುತ್ತೇನೆ.

ಈ ಲೇಖನ ಹುಟ್ಟಿದ್ದು ಒಂದು ಶೀಲ್ಡಿನಿಂದ. ಶಾಲೆಗೆ ಐವತ್ತು ತುಂಬುವ ಈ ಸಂದರ್ಭದಲ್ಲಿ ನಮ್ಮ ಬ್ಯಾಚಿನವರು ಸ್ವಲ್ಪ ಹಣ ಕೂಡಿಸಿ, ಪ್ರತಿ ವರ್ಷ ಕವಾಯತು ಸ್ಪರ್ಧೆಯಲ್ಲಿ ಗೆದ್ದ ತಂಡಕ್ಕೆ ಕೊಡುವ ಒಂದು ರೋಲಿಂಗ್ ಶೀಲ್ಡ್ ಮಾಡಿಸಬೇಕೆಂದು ನಿಶ್ಚಯಿಸಿದೆವು. ಹಣ ಒಂದು ವಾರದಲ್ಲಿ ಸೇರಿತು. ಶೀಲ್ಡಿನ ಮೇಲೆ ಯಾರ ಹೆಸರು ಕೆತ್ತಿಸಬೇಕು ಎಂಬುದು ಮಾತ್ರ ಎರಡು ತಿಂಗಳಾದರೂ ಬಗೆಹರಿಯಲಿಲ್ಲ. ಹಣ ಕೊಟ್ಟವರ ಹೆಸರು ಇರಲಿ ಎಂದರು ಕೆಲವರು. ತೀರಿಕೊಂಡ ಗೆಳೆಯನ ಹೆಸರು ಇರಲಿ ಎಂದರು ಇನ್ನು ಕೆಲವರು. ವಾಟ್ಸಾಪ್ ಗುಂಪಿನಲ್ಲಿ ಮಾತು ಬಿಸಿಯಾದಾಗ ನಾನೊಂದು ಸಲಹೆ ಕೊಟ್ಟೆ. ನಮಗೆ ಕವಾಯತು ಕಲಿಸಿದ್ದು ಎನ್.ಸಿ.ಸಿ. ಆದ್ದರಿಂದ ಎನ್.ಸಿ.ಸಿ.ಗೆ ಕಾರಣರಾದವರು ಯಾರೋ ಅವರ ಹೆಸರನ್ನೇ ಇಡೋಣ, ಯಾರಿಗೂ ಬೇಸರವಾಗುವುದಿಲ್ಲ ಎಂದೆ. ಹುಡುಕುವ ಕೆಲಸ ನನ್ನ ತಲೆಗೇ ಬಂತು.

ಅದಕ್ಕೂ ಮೊದಲು ನನ್ನದೊಂದು ಹಳೆಯ ಲೆಕ್ಕ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕ ತರಬೇತಿ ಶಿಬಿರಕ್ಕೆ ಹೋಗಿದ್ದೆವು. ತೇಜ್ ಚಲ್ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆ ಹೆಜ್ಜೆಗೂ 30 ಅಂಗುಲ. ಭುಜದ ಎತ್ತರಕ್ಕೆ ಕೈ ಬೀಸಬೇಕು, ಮುಷ್ಟಿ ಬಿಗಿದಿರಬೇಕು, ಸಾಲು ಅಲುಗಬಾರದು. ನಮ್ಮ ಎನ್.ಸಿ.ಸಿ. ಸರ್ ಮೂರು ತಿಂಗಳು ಬೆಳಗಿನ ಆರು ಗಂಟೆಗೆ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ನಮ್ಮನ್ನು ನಡೆಸಿದ್ದರು. ಸ್ಪರ್ಧೆಯ ದಿನ ದಾಹಿನೇ ಮುಡ್ ಎಂಬ ಆಜ್ಞೆ ಬಂದಾಗ ಇಡೀ ತಂಡ ಬಲಕ್ಕೆ ತಿರುಗಿತು, ನಾನೊಬ್ಬ ಎಡಕ್ಕೆ ತಿರುಗಿದೆ. ನಮಗೆ ಎರಡನೆಯ ಸ್ಥಾನ ಬಂತು. ಆ ಸಣ್ಣ ಕಪ್ಪು ಈಗಲೂ ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಬೀರುವಿನಲ್ಲಿದೆ. ಸರ್ ನನ್ನನ್ನು ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಗೆರೆ ಎಳೆದು, ಮೊದಲ ಸಾಲಿನಲ್ಲಿ ನನ್ನನ್ನೇ ನಿಲ್ಲಿಸಿದರು. ಶೀಲ್ಡಿನ ವಿಷಯದಲ್ಲಿ ನನಗೆ ಇಷ್ಟು ಆಸ್ಥೆ ಯಾಕೆ ಎಂದು ಗೆಳೆಯರು ಕೇಳಿದ್ದರು, ಇದೇ ಕಾರಣ.

ಹುಡುಕಿದಾಗ ಸಿಕ್ಕ ಹೆಸರು ಪಂಡಿತ ಹೃದಯನಾಥ ಕುಂಜ್ರು. ಒಂದು ಕಾಲಕ್ಕೆ ದೇಶವೆಲ್ಲ ಬಲ್ಲ ಹೆಸರು. ಈಗಿನ ಮಕ್ಕಳಿಗೆ ಪರಿಚಯವಿಲ್ಲ, ನನಗೂ ಇರಲಿಲ್ಲ.

ಅವರು ಹುಟ್ಟಿದ್ದು 1887ರ ಅಕ್ಟೋಬರ್ 1ರಂದು, ಉತ್ತರ ಭಾರತದಲ್ಲಿ ನೆಲೆಸಿದ್ದ ಕಾಶ್ಮೀರಿ ಪಂಡಿತ ಮನೆತನದಲ್ಲಿ. ತಂದೆ ಪಂಡಿತ ಅಯೋಧ್ಯಾನಾಥರು ಅಲಹಾಬಾದಿನ ಹೆಸರಾಂತ ವಕೀಲರು, ಕಾಂಗ್ರೆಸ್ಸಿನ ಮೊದಲ ತಲೆಮಾರಿನ ನಾಯಕರು. 1888ರಲ್ಲಿ ಅಲಹಾಬಾದಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು ಅವರೇ. ಮಗನಿಗೆ ಇನ್ನೂ ಐದು ತುಂಬುವ ಮೊದಲೇ, 1892ರಲ್ಲಿ, ಅವರು ತೀರಿಕೊಂಡರು. ವಕೀಲಿಕೆಯ ಮನೆ, ದೊಡ್ಡ ಹೆಸರು, ಒಳ್ಳೆಯ ವಿದ್ಯೆ ಇವೆಲ್ಲ ಇದ್ದುದರಿಂದ ಹೃದಯನಾಥರಿಗೆ ಹಣ ಮಾಡುವ ದಾರಿ ತೆರೆದೇ ಇತ್ತು. ಅವರು ಆ ದಾರಿ ಹಿಡಿಯಲಿಲ್ಲ.

1909ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ಅವರು ಭಾರತ ಸೇವಕ ಸಮಾಜಕ್ಕೆ ಸೇರಿದರು. ಇದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸಂಸ್ಥೆ. ಸದಸ್ಯನಾಗುವವನು ಏಳು ಪ್ರತಿಜ್ಞೆ ಮಾಡಬೇಕಿತ್ತು. ದೇಶವನ್ನೇ ಮೊದಲು ನೆನೆಯಬೇಕು. ಸೇವೆಯಿಂದ ಸ್ವಂತಕ್ಕೆ ಲಾಭ ಹುಡುಕಬಾರದು. ಜಾತಿ ಮತ ನೋಡದೆ ಎಲ್ಲರನ್ನೂ ಅಣ್ಣತಮ್ಮಂದಿರೆಂದು ಕಾಣಬೇಕು. ತನಗೂ ತನ್ನ ಸಂಸಾರಕ್ಕೂ ಸಮಾಜ ಕೊಟ್ಟಷ್ಟರಲ್ಲೇ ತೃಪ್ತನಾಗಿರಬೇಕು, ಬೇರೆ ಸಂಪಾದನೆಗೆ ಕೈ ಹಾಕಬಾರದು. ಯಾರೊಡನೆಯೂ ವೈಯಕ್ತಿಕ ಜಗಳ ಕೂಡದು. ಹೀಗೆ ಸಾಗುತ್ತದೆ ಆ ಪಟ್ಟಿ. ತಿಂಗಳ ಕೊನೆಗೆ ಸಂಬಳದ ಮೆಸೇಜು ಬರುವುದನ್ನೇ ಕಾಯುವ ನನ್ನಂಥವನಿಗೆ ಇದನ್ನು ಓದುವಾಗಲೇ ಸ್ವಲ್ಪ ಭಯವಾಯಿತು. ಅವರು ಇದನ್ನು ಜೀವಮಾನವಿಡೀ ಪಾಲಿಸಿದರು. 1936ರಲ್ಲಿ ಆ ಸಮಾಜದ ಅಧ್ಯಕ್ಷರಾಗಿ ಸಾಯುವವರೆಗೂ ಆ ಜವಾಬ್ದಾರಿ ಹೊತ್ತರು.

ಸಂಸಾರ ಸುಖ ಅವರಿಗೆ ಹೆಚ್ಚು ದಿನ ಸಿಗಲಿಲ್ಲ. 1908ರಲ್ಲಿ ಮದುವೆಯಾಯಿತು. 1911ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು. ಆರು ತಿಂಗಳಲ್ಲಿ ಮಗುವೂ ಹೋಯಿತು. ಸ್ವಂತ ಮಗುವನ್ನು ಕಳೆದುಕೊಂಡ ಈ ಮನುಷ್ಯ ಮುಂದೆ ಕೈ ಹಾಕಿದ ಎಷ್ಟೋ ಕೆಲಸಗಳು ಮಕ್ಕಳ ಕೆಲಸವೇ ಆಗಿದ್ದವು ಎಂಬುದನ್ನು ಗಮನಿಸಬೇಕು.

ಮೊದಲನೆಯದು ಸ್ಕೌಟು. ಆಗ ಬ್ರಿಟಿಷರ ಸ್ಕೌಟ್ ದಳಗಳು ನಮ್ಮ ದೇಶದಲ್ಲಿದ್ದರೂ ಮೊದಮೊದಲು ಭಾರತೀಯ ಹುಡುಗರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಲಹಾಬಾದಿನಲ್ಲಿ ಮೇಳಗಳಿಗೆ ಬರುವ ಯಾತ್ರಿಕರಿಗೆ ನೆರವಾಗುತ್ತಿದ್ದ ಸೇವಾ ಸಮಿತಿಯ ಆಶ್ರಯದಲ್ಲಿ ಮದನಮೋಹನ ಮಾಳವೀಯ, ಶ್ರೀರಾಮ ಬಾಜಪೇಯಿ ಮತ್ತು ಕುಂಜ್ರು ಸೇರಿ 1918ರಲ್ಲಿ ನಮ್ಮವರದೇ ಒಂದು ಸ್ಕೌಟ್ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಅದರ ಮೊದಲ ರಾಷ್ಟ್ರೀಯ ಆಯುಕ್ತರು ಕುಂಜ್ರು. ನಮ್ಮ ಶಾಲೆಯಲ್ಲಿ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಜಾತ್ರೆಯಲ್ಲಿ ನೀರು ಕೊಡುತ್ತಿದ್ದ ನಮ್ಮ ಗೆಳೆಯರು ಕೂಡ, ಗೊತ್ತಿಲ್ಲದೆಯೇ, ಅದೇ ದಾರಿಯಲ್ಲಿ ನಡೆದವರು.

ರಾಜಕೀಯದಲ್ಲಿ ಅವರು ಗೋಖಲೆಯವರ ಹಾಗೆ ಮಿತವಾದಿ. ಕಾಂಗ್ರೆಸ್ಸಿನಿಂದ ದೂರವಾಗಿ ಲಿಬರಲ್ ಪಕ್ಷದಲ್ಲಿ ನಿಂತರು. ಚಳವಳಿಯಲ್ಲಿ ಜೈಲಿಗೆ ಹೋದವರ ಸಾಲಿನಲ್ಲಿ ಅವರ ಹೆಸರಿಲ್ಲ. ಅವರ ಹೋರಾಟವೆಲ್ಲ ಶಾಸನಸಭೆಯ ಒಳಗೆ. ಪ್ರಾಂತದ ಕೌನ್ಸಿಲ್, ಕೇಂದ್ರ ಶಾಸನಸಭೆ, ಕೌನ್ಸಿಲ್ ಆಫ್ ಸ್ಟೇಟ್ ಹೀಗೆ ಒಂದಾದ ಮೇಲೊಂದು ಸಭೆಯಲ್ಲಿ ಕೂತು ಸರ್ಕಾರವನ್ನು ಅಂಕಿಅಂಶ ಹಿಡಿದು ಪ್ರಶ್ನಿಸಿದರು. ಅವರಿಗೆ ವಿಶೇಷ ಆಸಕ್ತಿ ಇದ್ದದ್ದು ಸೈನ್ಯದ ವಿಷಯದಲ್ಲಿ. ಸೈನ್ಯದಲ್ಲಿ ದುಡಿದು ಸಾಯುವವರು ನಮ್ಮವರು, ಆಜ್ಞೆ ಕೊಡುವ ಅಧಿಕಾರಿಗಳು ಮಾತ್ರ ಬ್ರಿಟಿಷರು ಎಂಬ ಸ್ಥಿತಿ ಹೋಗಬೇಕು ಎಂಬುದು ಅವರ ಹಟವಾಗಿತ್ತು. ಪಂಡಿತ ಮನೆತನದ, ಕೋವಿ ಹಿಡಿಯದ ಈ ಮನುಷ್ಯ ಸೈನ್ಯದ ಬಗ್ಗೆ ಮಾತಾಡಿದರೆ ಸರ್ಕಾರದವರು ಕಿವಿಗೊಡಲೇಬೇಕಿತ್ತು.

ಎನ್.ಸಿ.ಸಿ.ಯ ಕಥೆ ಶುರುವಾಗುವುದು ಇಲ್ಲಿ. ಬ್ರಿಟಿಷರ ಕಾಲದಲ್ಲಿ 1917ರಿಂದಲೇ ವಿಶ್ವವಿದ್ಯಾಲಯಗಳಲ್ಲಿ ಯೂನಿವರ್ಸಿಟಿ ಕೋರ್ ಎಂಬ ದಳವಿತ್ತು. 1920ರಲ್ಲಿ ಅದು ಯು.ಟಿ.ಸಿ. ಆಯಿತು, 1942ರಲ್ಲಿ ಯು.ಒ.ಟಿ.ಸಿ. ಆಯಿತು. ಹೆಸರು ಬದಲಾದರೂ ಅದು ಕೆಲವೇ ಕಾಲೇಜು ಹುಡುಗರಿಗೆ ಸಿಗುವ ಅವಕಾಶವಾಗಿಯೇ ಉಳಿಯಿತು. ಹಳ್ಳಿಯ ಹೈಸ್ಕೂಲಿಗೂ ಅದಕ್ಕೂ ಸಂಬಂಧವಿರಲಿಲ್ಲ. 1946ರಲ್ಲಿ ಸರ್ಕಾರ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಬೇರೆ ದೇಶಗಳಲ್ಲಿ ಯುವಕರಿಗೆ ಎಂಥ ತರಬೇತಿ ಇದೆ ಎಂಬುದನ್ನೂ ಪರಿಶೀಲಿಸಿ ಸಮಿತಿ 1947ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಕಾಲೇಜಿಗೆ ಸೀನಿಯರ್ ಡಿವಿಷನ್, ಶಾಲೆಗೆ ಜೂನಿಯರ್ ಡಿವಿಷನ್, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಡಿವಿಷನ್ ಎಂಬ ಮೂರು ಭಾಗದ ಯೋಜನೆ ಅದರಲ್ಲಿತ್ತು.

ಆ ಮಾರ್ಚ್ ತಿಂಗಳನ್ನು ನೆನೆದು ನೋಡಿ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ದೇಶ ಒಡೆಯುವ ಮಾತು ನಡೆದಿತ್ತು. ಅಂಥ ಹೊತ್ತಿನಲ್ಲಿ ಒಬ್ಬರು ಕೂತು ಶಾಲೆಯ ಮಕ್ಕಳು ಸಾಲಾಗಿ ನಡೆಯುವುದನ್ನು ಕಲಿಯಬೇಕು ಎಂದು ಬರೆಯುತ್ತಿದ್ದರು. ಅವರು ಶಾಲೆಯನ್ನು ಮರೆಯಲಿಲ್ಲ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಮಾತು. ಯೋಜನೆ ಕಾಲೇಜಿನಲ್ಲೇ ನಿಂತಿದ್ದರೆ ನಮ್ಮ ಮೈದಾನದಲ್ಲಿ ಸುಣ್ಣದ ಗೆರೆ ಬೀಳುತ್ತಿರಲಿಲ್ಲ.

ಮಸೂದೆ 1948ರ ಏಪ್ರಿಲ್ 8ರಂದು ಅಂಗೀಕಾರವಾಯಿತು. ಏಪ್ರಿಲ್ 16ರಂದು ಗವರ್ನರ್ ಜನರಲ್ಲರ ಒಪ್ಪಿಗೆ ಸಿಕ್ಕಿತು. ಜುಲೈ 15ರಂದು ಎನ್.ಸಿ.ಸಿ. ಆರಂಭವಾಯಿತು. ಮೊದಲ ನಿರ್ದೇಶಕರಾಗಿ ಬಂದವರು ಕರ್ನಲ್ ಗೋಪಾಲ ಗುರುನಾಥ ಬೇವೂರ್. ಮುಂದೆ ಅವರೇ ಭೂಸೇನೆಯ ಮುಖ್ಯಸ್ಥರಾದರು. 1949ರಲ್ಲಿ ಹೆಣ್ಣುಮಕ್ಕಳ ವಿಭಾಗ, 1950ರಲ್ಲಿ ವಾಯುಪಡೆಯ ವಿಭಾಗ, 1952ರಲ್ಲಿ ನೌಕಾಪಡೆಯ ವಿಭಾಗ ಸೇರಿಕೊಂಡವು. ಇಂದು ಪ್ರತಿ ಜನವರಿಯಲ್ಲಿ ದೇಶದ 17 ಡೈರೆಕ್ಟರೇಟುಗಳ ಕೆಡೆಟ್‌ಗಳು ದಿಲ್ಲಿಯ ಗಣರಾಜ್ಯೋತ್ಸವ ಶಿಬಿರದಲ್ಲಿ ಸೇರುತ್ತಾರೆ. ಕವಾಯತು ಸೇರಿದಂತೆ ಹಲವು ಸ್ಪರ್ಧೆ ನಡೆದು, ಎಲ್ಲದರಲ್ಲೂ ಮುಂದಿದ್ದ ಡೈರೆಕ್ಟರೇಟಿಗೆ ಪ್ರಧಾನಮಂತ್ರಿಯವರು ತಮ್ಮ ಬ್ಯಾನರ್ ಕೊಡುತ್ತಾರೆ. ಆ ರ‍್ಯಾಲಿ ನಡೆಯುವ ಮೈದಾನಕ್ಕೆ ಕೊಡಗಿನ ಕಾರ್ಯಪ್ಪನವರ ಹೆಸರಿದೆ. ನಮ್ಮ ಶಿಬಿರದ ಎರಡನೇ ಬಹುಮಾನದ ಕಪ್ಪು ಆ ದೊಡ್ಡ ಬ್ಯಾನರಿನ ಚಿಕ್ಕ ಬಂಧು ಎಂದೇ ನಾನು ತಿಳಿದಿದ್ದೇನೆ.

ಇಷ್ಟು ಓದಿದ ಮೇಲೆ ನನಗೆ ಸಂತೋಷವಾಯಿತು. ಶೀಲ್ಡಿಗೆ ಹೆಸರು ಸಿಕ್ಕಿತು ಎಂದು ಗುಂಪಿನಲ್ಲಿ ಹಾಕಿದೆ. ಎಲ್ಲರೂ ಒಪ್ಪಿದರು. ದಸರಾಕ್ಕೆ ಊರಿಗೆ ಬಂದಾಗ ಅಭಿಮಾನದಿಂದ ತಾತನಿಗೆ ಈ ಹೆಸರು ಹೇಳಿದೆ. ತೊಂಬತ್ತು ದಾಟಿದ ನಮ್ಮ ತಾತ ಪೇಪರ್ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ಊರನ್ನು ಆಂಧ್ರಕ್ಕೆ ಬರೆದುಕೊಟ್ಟವರ ಹೆಸರನ್ನು ಊರಿನ ಶಾಲೆಯಲ್ಲಿ ಇಡುತ್ತೀಯಾ ಎಂದು ಕೇಳಿ ಎದ್ದು ಒಳಗೆ ಹೋದರು. ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ನಮ್ಮದು ಸಿರುಗುಪ್ಪ ತಾಲ್ಲೂಕು ಎಂಬುದು ಈ ಸಂಚಿಕೆ ಓದುವ ಎಲ್ಲರಿಗೂ ಗೊತ್ತು. ಆದರೆ ನನ್ನ ವಯಸ್ಸಿನವರಿಗೆ ಗೊತ್ತಿಲ್ಲದ ಕಥೆ ಇದು. ನಮ್ಮ ಸೀಮೆ ಮೊದಲು ಮದರಾಸು ಪ್ರಾಂತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆ ವರ್ಷದ ಕೊನೆಯಲ್ಲಿ, ಡಿಸೆಂಬರ್ 29ರಂದು, ಇಡೀ ದೇಶದ ರಾಜ್ಯಗಳ ಗಡಿಯನ್ನು ಹೊಸದಾಗಿ ಯೋಚಿಸಲು ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಫಜಲ್ ಅಲಿ ಅಧ್ಯಕ್ಷರು. ಸದಸ್ಯರು ಇಬ್ಬರು, ಕೆ. ಎಂ. ಪಣಿಕ್ಕರ್ ಮತ್ತು ಹೃದಯನಾಥ ಕುಂಜ್ರು.

ಆ ಮೂವರು 38,000 ಮೈಲಿ ಸುತ್ತಿದರು. 9,000ಕ್ಕೂ ಹೆಚ್ಚು ಜನರನ್ನು ಕಂಡು ಮಾತಾಡಿಸಿದರು. ಒಂದೂವರೆ ಲಕ್ಷಕ್ಕೂ ಮೀರಿದ ಮನವಿಪತ್ರಗಳು ಅವರ ಮುಂದೆ ಬಂದವು. ಕುಂಜ್ರು ಅವರಿಗೆ ಆಗ ಅರವತ್ತೈದು ದಾಟಿತ್ತು. 1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಕೆಯಾಯಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯದಲ್ಲಿ ಸೇರಬೇಕು ಎಂದು ಅದು ಶಿಫಾರಸು ಮಾಡಿತು. ಅಷ್ಟರಮಟ್ಟಿಗೆ ಏಕೀಕರಣದ ಕನಸಿಗೆ ಆ ವರದಿ ಬಲ ಕೊಟ್ಟಿತು. ಅದೇ ವರದಿಯಲ್ಲಿ, ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕು ಎಂದೂ ಇತ್ತು.

ತಾತನಿಗೆ ಆಗ ಇಪ್ಪತ್ತು ವರ್ಷ. ಎರಡು ವರ್ಷದ ಹಿಂದೆ ಮೈಸೂರಿಗೆ ಸೇರಿದೆವು ಎಂದು ಹಬ್ಬ ಮಾಡಿದ್ದ ಜನ ಮತ್ತೆ ಬೀದಿಗಿಳಿದರು. ತಾತ ಎತ್ತಿನ ಗಾಡಿಯಲ್ಲಿ ಸಿರುಗುಪ್ಪಕ್ಕೂ, ಅಲ್ಲಿಂದ ಬಳ್ಳಾರಿಗೂ ಸಭೆಗೆ ಹೋಗಿದ್ದರಂತೆ. ಕೊನೆಗೆ ಸರ್ಕಾರ ಆ ಒಂದು ಶಿಫಾರಸನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಹುಟ್ಟಿದಾಗ ನಾವು ಅದರೊಳಗಿದ್ದೆವು. ಆ ಶಿಫಾರಸು ನಡೆದಿದ್ದರೆ ನಮ್ಮ ಈ ಶಾಲೆ ಕರ್ನಾಟಕ ಸರ್ಕಾರದ ಪ್ರೌಢಶಾಲೆ ಆಗುತ್ತಿರಲಿಲ್ಲ. ಈ ಲೇಖನವನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೆನೋ ಇಲ್ಲವೋ.

ಮನೆಯಲ್ಲಿ ಎರಡು ದಿನ ಮಾತಿಲ್ಲದೆ ಹೋಯಿತು. ನಾನು ಬೆಂಗಳೂರಿಗೆ ಬಂದು ಕುಂಜ್ರು ಅವರ ಬಗ್ಗೆ ಮತ್ತೆ ಓದಲು ಕೂತೆ. ಮೊದಲ ಸಲ ಓದಿದ್ದು ಹೊಗಳುವುದಕ್ಕೆ. ಈ ಸಲ ತಪ್ಪು ಹುಡುಕುವುದಕ್ಕೆ. ಕೋಡಿನಲ್ಲಿ ಬಗ್ ಹುಡುಕುವವನಿಗೆ ಇದು ಒಗ್ಗಿದ ಕೆಲಸ. ಒಂದಂತೂ ನಿಜ. ವರದಿಯ ಕೆಲವು ಮಾತುಗಳಿಗೆ ಒಪ್ಪದೆ ಫಜಲ್ ಅಲಿಯವರು ಹಿಮಾಚಲದ ಬಗ್ಗೆ, ಪಣಿಕ್ಕರ್ ಅವರು ಉತ್ತರ ಪ್ರದೇಶದ ಬಗ್ಗೆ ಬೇರೆ ಟಿಪ್ಪಣಿ ಬರೆದರು. ನಮ್ಮ ತಾಲ್ಲೂಕುಗಳ ಬಗ್ಗೆ ಯಾರೂ ಹಾಗೆ ಬರೆಯಲಿಲ್ಲ, ಕುಂಜ್ರು ಕೂಡ. ಆದ್ದರಿಂದ ತಾತನ ಸಿಟ್ಟಿಗೆ ಆಧಾರವಿದೆ. ಅಣೆಕಟ್ಟೆಯ ಲೆಕ್ಕ ಹಾಕುವಾಗ ಅದರ ಕೆಳಗೆ ಬದುಕುವ ಜನರ ಮಾತಿಗೆ ಅವರು ತಕ್ಕ ತೂಕ ಕೊಡಲಿಲ್ಲ ಎಂದೇ ನನಗೂ ಅನಿಸುತ್ತದೆ.

ಆದರೆ ಆ ಮನುಷ್ಯನಿಗೆ ಇದರಿಂದ ಬಂದದ್ದೇನು ಎಂದು ನೋಡಿದರೆ ಏನೂ ಇಲ್ಲ. 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿ ಯಾವ ಪಕ್ಷಕ್ಕೂ ಸೇರದೆ ಕೂತರು. ಮಂತ್ರಿಯಾಗಲಿಲ್ಲ. ಯು.ಜಿ.ಸಿ.ಯಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಸದಸ್ಯರಾಗಿ ದುಡಿದರು. 1955ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದರು. 1959ರಲ್ಲಿ ಶಾಲೆಗಳ ದೈಹಿಕ ಶಿಕ್ಷಣವನ್ನು ಪರಿಶೀಲಿಸುವ ಇನ್ನೊಂದು ಸಮಿತಿಗೂ ಅವರೇ ಅಧ್ಯಕ್ಷರು. ಆಗ ಶಾಲೆಗಳಲ್ಲಿ ಡ್ರಿಲ್ಲು ಬೇರೆ, ಎ.ಸಿ.ಸಿ. ಬೇರೆ, ರಾಷ್ಟ್ರೀಯ ಶಿಸ್ತಿನ ಯೋಜನೆ ಬೇರೆ ಎಂದು ಹಲವು ಕಾರ್ಯಕ್ರಮಗಳು ಒಂದರ ಮೇಲೊಂದು ಬಿದ್ದಿದ್ದವು. ಅವನ್ನೆಲ್ಲ ಕೂಡಿಸಿ ಒಂದೇ ಕಾರ್ಯಕ್ರಮ ಮಾಡಿ ಎಂದರು ಕುಂಜ್ರು. ಅಂದಿನ ಎ.ಸಿ.ಸಿ.ಯಲ್ಲಿ ನಡೆದ ಹಿರಿಯರು ಯಾರಾದರೂ ಈ ಸಾಲು ಓದುತ್ತಿದ್ದರೆ ಅವರಿಗೆ ಆ ಬದಲಾವಣೆ ನೆನಪಿರಬಹುದು.

ಇನ್ನೊಂದು ಸಂಗತಿ ನನ್ನ ಹುಡುಕಾಟವನ್ನೇ ನಿಲ್ಲಿಸಿತು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದಾಗ ಕುಂಜ್ರು ಅವರು ಗಣರಾಜ್ಯದಲ್ಲಿ ಸರ್ಕಾರ ಪ್ರಜೆಗಳಿಗೆ ಬಿರುದು ಕೊಡುವುದು ಸಲ್ಲದು ಎಂಬ ನಿಲುವು ತಳೆದಿದ್ದರು. 1968ರಲ್ಲಿ ಸರ್ಕಾರ ಅವರಿಗೆ ಭಾರತರತ್ನ ಕೊಡಲು ಮುಂದಾಯಿತು. ಎಂಬತ್ತರ ಆ ಮುದುಕರು ಹಿಂದೆ ಆಡಿದ ಮಾತಿಗೆ ಕಟ್ಟುಬಿದ್ದು ಅದನ್ನು ಬೇಡವೆಂದರು. ದೇಶದ ಅತಿ ದೊಡ್ಡ ಪದಕ ಅದು. ನಾನು ಒಂದು ಎರಡನೇ ಬಹುಮಾನಕ್ಕೆ ಇಪ್ಪತ್ತು ವರ್ಷ ಕೊರಗಿದವನು. ಲಕ್ಷಾಂತರ ಮಕ್ಕಳು ಪದಕಕ್ಕಾಗಿ ಹೆಜ್ಜೆ ಹಾಕುವ ಸಂಸ್ಥೆಗೆ ಕಾರಣರಾದವರು ತಮ್ಮ ಎದೆಗೆ ಬಂದ ಪದಕವನ್ನು ಹಿಂದಕ್ಕೆ ಕಳಿಸಿದ್ದರು.

1978ರ ಏಪ್ರಿಲ್ 3ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆಗ ನಮ್ಮ ಶಾಲೆಗೆ ಮೂರು ವರ್ಷ. ಅವರು ಹುಟ್ಟಿ ನೂರು ವರ್ಷವಾದಾಗ, 1987ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ಬದುಕಿದ್ದರೆ ಅದಕ್ಕೂ ಒಪ್ಪುತ್ತಿದ್ದರೋ ಇಲ್ಲವೋ.

ಇದನ್ನೆಲ್ಲ ಒಂದು ಭಾನುವಾರ ಫೋನಿನಲ್ಲಿ ತಾತನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಭಾರತರತ್ನದ ವಿಷಯ ಎರಡು ಸಲ ಹೇಳಿಸಿದರು. ಮನುಷ್ಯ ದೊಡ್ಡವನೇ ಇರಬಹುದು, ನಮ್ಮ ವಿಷಯದಲ್ಲಿ ತಪ್ಪಿದ ಎಂದರು. ಅದಕ್ಕಿಂತ ಮುಂದೆ ಅವರು ಬರಲಿಲ್ಲ. ನಾನೂ ಎಳೆಯಲಿಲ್ಲ. ಸರಿಯಾದ ಕಾರಣವಿರುವ ಸಿಟ್ಟನ್ನು ತೊಂಬತ್ತು ವರ್ಷದವರಿಂದ ಬಿಡಿಸಲು ನಾನು ಯಾರು?

ಶೀಲ್ಡಿನ ಹೆಸರಿನ ಪ್ರಶ್ನೆ ಮಾತ್ರ ಅಂದೇ ತೀರಿತು. ಕುಂಜ್ರು ಅವರ ಹೆಸರು ಕೆತ್ತಿಸಿದರೆ ತಾತನಂಥ ಹಿರಿಯರಿಗೆ ನೋವು. ಅದಕ್ಕಿಂತ ಮುಖ್ಯವಾಗಿ, ಆ ಹೆಸರಿನವರಿಗೇ ಅದು ಬೇಕಿರಲಿಲ್ಲ. ನಾನು ಗುಂಪಿನಲ್ಲಿ ನನ್ನ ಸಲಹೆ ಹಿಂದಕ್ಕೆ ಪಡೆದೆ. ಯಾರ ಹೆಸರೂ ಬೇಡ, ನಮ್ಮ ಹೆಸರೂ ಬೇಡ ಎಂದು ಬರೆದೆ. ಹಣ ಕೊಟ್ಟವರ ಪೈಕಿ ಇಬ್ಬರಿಗೆ ಬೇಸರವಾಯಿತು. ಒಂದು ವಾರದ ಮೇಲೆ ಅವರೂ ಒಪ್ಪಿದರು.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಶೀಲ್ಡು ಶಾಲೆಗೆ ಬಂದಿರುತ್ತದೆ. ತೇಗದ ಹಲಗೆ, ನಡುವೆ ಶಾಲೆಯ ಹೆಸರು, ಕೆಳಗೆ ಕವಾಯತು ಸ್ಪರ್ಧೆ ಎಂಬ ಎರಡು ಪದ. ಸುತ್ತಲೂ ಚಿಕ್ಕ ಚಿಕ್ಕ ಹಿತ್ತಾಳೆ ತಗಡುಗಳು ಖಾಲಿ ಇವೆ. ಪ್ರತಿ ವರ್ಷ ಗೆದ್ದ ತಂಡದ ಹೆಸರು ಮತ್ತು ಇಸವಿಯನ್ನು ಒಂದೊಂದರ ಮೇಲೆ ಕೆತ್ತಿಸಬೇಕು. ಅದರ ಖರ್ಚನ್ನು ನಮ್ಮ ಬ್ಯಾಚು ನೋಡಿಕೊಳ್ಳುತ್ತದೆ.

ಈಗಿನ ಗುರುಗಳಲ್ಲಿ ಒಂದೇ ಪ್ರಾರ್ಥನೆ. ಶೀಲ್ಡು ಕೊಡುವ ದಿನ ಮಕ್ಕಳಿಗೆ ಕುಂಜ್ರು ಅವರ ಕಥೆಯನ್ನು ಐದು ನಿಮಿಷ ಹೇಳಿ. ಅವರು ಶಾಲೆಯ ಮಕ್ಕಳನ್ನು ನೆನೆದದ್ದನ್ನೂ ಹೇಳಿ, ನಮ್ಮೂರಿನ ವಿಷಯದಲ್ಲಿ ತಪ್ಪಿದ್ದನ್ನೂ ಹೇಳಿ, ಪದಕ ಬೇಡವೆಂದದ್ದನ್ನೂ ಹೇಳಿ. ಆ ದಿನ ಯಾವುದಾದರೂ ಹುಡುಗನೋ ಹುಡುಗಿಯೋ ದಾಹಿನೇ ಮುಡ್ ಎಂದಾಗ ಎಡಕ್ಕೆ ತಿರುಗಿದರೆ ಬೈಯಬೇಡಿ. ಮಾರನೆಯ ಬೆಳಿಗ್ಗೆ ಸುಣ್ಣದ ಗೆರೆ ಎಳೆದು ಮೊದಲ ಸಾಲಿನಲ್ಲಿ ನಿಲ್ಲಿಸಿ. ನನಗೆ ಈ ಶಾಲೆ ಮಾಡಿದ ಉಪಕಾರ ಅದು.